ಖಾತೆ ತೆರೆಯದೆ ಕಂಪ್ಯೂಟರ್

2001ರ ವಿಂಡೋಸ್ ಎಕ್ಸ್‌ಪಿಗೆ ಬಳಸುವವರ ಹೆಸರೊಂದು ಕೊಟ್ಟರೆ ಸಾಕಿತ್ತು; ಆಕ್ಟಿವೇಶನ್ ಫೋನಿನಲ್ಲೇ ಮುಗಿಯುತ್ತಿತ್ತು. 2012ರಲ್ಲಿ ವಿಂಡೋಸ್ 8 ಮೈಕ್ರೋಸಾಫ್ಟ್ ಖಾತೆಯನ್ನು ಮುಂದಿಟ್ಟಿತು, ಬೇಡವೆನ್ನಲೂ ದಾರಿಯಿತ್ತು. 2021ರ ವಿಂಡೋಸ್ 11 ಹೋಮ್‌ನಲ್ಲಿ ಇಂಟರ್‌ನೆಟ್ಟೂ ಖಾತೆಯೂ ಕಡ್ಡಾಯವಾದವು. 2022ರಲ್ಲಿ ಸ್ವಂತ ಬಳಕೆಯ ಪ್ರೊಗೂ ಅದೇ ಗತಿ. ಜನ ಹುಡುಕಿಕೊಂಡ ಕಳ್ಳದಾರಿಗಳನ್ನು 2025ರಲ್ಲಿ ಪರೀಕ್ಷಾ ಆವೃತ್ತಿಗಳಲ್ಲಿ ಒಂದೊಂದಾಗಿ ಮುಚ್ಚತೊಡಗಿದರು. ಉಬುಂಟು ಮಾತ್ರ ಈಗಲೂ ಖಾತೆ ಕೇಳುವುದಿಲ್ಲ.

ಖಾತೆ ತೆರೆದರೆ ನಷ್ಟವೇನು ಅಂತೀರಾ? ನಮ್ಮ ಬ್ಯಾಂಕ್ ಲಾಕರಿಗೆ ಎರಡು ಕೀಲಿ, ಒಂದು ಗಿರಾಕಿಯ ಹತ್ತಿರವೇ ಇರುತ್ತದೆ. ಹೊಸ ಕಂಪ್ಯೂಟರುಗಳಲ್ಲಿ ಖಾತೆಯೊಡನೆ ಡಿಸ್ಕಿಗೂ ತಾನಾಗಿ ಬೀಗ ಬೀಳುವುದುಂಟು. ಅದರ ರಿಕವರಿ ಕೀ ಅವರ ಸರ್ವರಿನಲ್ಲಿ. ಬೀಗ ಬಿದ್ದ ದಿನ ಖಾತೆಯೂ ಕೈತಪ್ಪಿದ್ದರೆ ಫೋಟೋ, ಪತ್ರ ಎಲ್ಲ ಒಳಗೇ! ಆ ಕೀಯನ್ನು ಇವತ್ತೇ ಕಾಗದದಲ್ಲಿ ಬರೆದಿಟ್ಟುಕೊಳ್ಳಿ.