ಆಳುವವರ ಆಟ, ಆಳಿಸಿಕೊಂಡವರ ಶಾಲೆ

ಡಬ್ಲಿನ್ ಬಳಿಯ ಬ್ಲ್ಯಾಕ್‌ರಾಕ್ ಕಾಲೇಜು ಹೆಸರಿಗೆ ಕಾಲೇಜಾದರೂ ವಾಸ್ತವವಾಗಿ ಹುಡುಗರ ಪ್ರೌಢಶಾಲೆ. 1860ರಲ್ಲಿ ಫ್ರಾನ್ಸಿನಿಂದ ಬಂದ ಕ್ಯಾಥೊಲಿಕ್ ಪಾದ್ರಿಗಳು ಇದನ್ನು ಸ್ಥಾಪಿಸಿದಾಗ ಐರ್ಲೆಂಡ್ ಬ್ರಿಟಿಷರ ಅಧೀನದಲ್ಲಿತ್ತು. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ರಗ್ಬಿ ಇಂಗ್ಲೆಂಡಿನ ಸಿರಿವಂತರ ಶಾಲೆಗಳಲ್ಲಿ ಬೆಳೆದ ಆಟ. ತಮ್ಮ ಮಕ್ಕಳೂ ಆ ಮಟ್ಟಕ್ಕೆ ಏರಬೇಕೆಂಬುದು ಐರ್ಲೆಂಡಿನ ಅನುಕೂಲಸ್ಥ ಕ್ಯಾಥೊಲಿಕರ ಆಸೆ. ಹೀಗೆ ಆಟವೂ ಪಾಠದ ಜೊತೆಗೆ ಬಂತು. 1887ರಲ್ಲಿ ಆರಂಭವಾದ ಲೀನ್‌ಸ್ಟರ್ ಶಾಲಾ ಕಪ್ಪನ್ನು ಬ್ಲ್ಯಾಕ್‌ರಾಕ್ ಮೊದಲ ವರ್ಷವೇ ಗೆದ್ದಿತು. ಆಮೇಲೆ ಗೆದ್ದದ್ದು 60ಕ್ಕೂ ಹೆಚ್ಚು ಬಾರಿ.

ಆದರೆ ದೇಶೀ ಆಟಗಳ ಉಳಿವಿಗಾಗಿ 1884ರಲ್ಲಿ ಹುಟ್ಟಿದ ಗೇಲಿಕ್ ಕ್ರೀಡಾ ಸಂಘಕ್ಕೆ ರಗ್ಬಿ, ಫುಟ್‌ಬಾಲ್‌ಗಳು ಪರಕೀಯರ ಆಟಗಳು. ಅವನ್ನು ಆಡಿದ, ನೋಡಿದ ಸದಸ್ಯರಿಗೆ ಸಂಘದಲ್ಲಿ ಜಾಗವಿರಲಿಲ್ಲ. 1938ರಲ್ಲಿ ಫುಟ್‌ಬಾಲ್ ಪಂದ್ಯ ನೋಡಿದ ತಪ್ಪಿಗೆ ರಾಷ್ಟ್ರಾಧ್ಯಕ್ಷ ಡಗ್ಲಾಸ್ ಹೈಡ್ ಅವರನ್ನೇ ಅದು ಪೋಷಕ ಸ್ಥಾನದಿಂದ ತೆಗೆದುಹಾಕಿತು.

ಆಗ ಪ್ರಧಾನಿಯಾಗಿದ್ದವರು ಏಮನ್ ಡಿ ವೆಲೆರಾ: 1916ರಲ್ಲಿ ಬ್ರಿಟಿಷರ ವಿರುದ್ಧ ಬಂದೂಕು ಹಿಡಿದವರು. ಬ್ಲ್ಯಾಕ್‌ರಾಕ್‌ನಲ್ಲಿ ಓದಿದ ಅವರು ರಗ್ಬಿ ಆಡಿದ್ದರು, ಅದನ್ನು ಕಡೆಯವರೆಗೂ ಮೆಚ್ಚಿದ್ದರು. ಆಡುವ ಆಟದಿಂದ ದೇಶಪ್ರೇಮವನ್ನು ಅಳೆಯಲಾಗದು ಎಂಬುದಕ್ಕೆ ಅವರೇ ಸಾಕ್ಷಿಯಾಗಿದ್ದರು. ಆದರೂ ಸಂಘ ಆ ನಿಷೇಧವನ್ನು ಕೈಬಿಟ್ಟದ್ದು 1971ರಲ್ಲಿ.