ಬಸರೂರಿನ ಅಕ್ಕಿ, ಸ್ಪೇನಿನ ದೊರೆ

ಸ್ಪೇನಿನ ವಸಾಹತು ಎಂದೊಡನೆ ಮೆಕ್ಸಿಕೋ, ಪೆರು, ಫಿಲಿಪೀನ್ಸ್ ನೆನಪಾಗುತ್ತವೆ. ಕುಂದಾಪುರದ ಹತ್ತಿರದ ಬಸರೂರು ಯಾರಿಗೂ ನೆನಪಾಗುವುದಿಲ್ಲ. ಆದರೆ 1580ರಿಂದ 1640ರವರೆಗೆ ಈ ಊರಿನ ಕೆಳಗೆ, ವಾರಾಹಿ ಹೊಳೆಯ ದಡದಲ್ಲಿದ್ದ ಕೋಟೆಯ ಒಡೆಯ ಸ್ಪೇನಿನ ದೊರೆಯೇ. ಮಂಗಳೂರು, ಹೊನ್ನಾವರಗಳ ಕೋಟೆಗಳ ಕಥೆಯೂ ಅದೇ.

ಕೋಟೆಗಳನ್ನು ಹಿಡಿದವರು ಪೋರ್ಚುಗೀಸರು. 1565ರ ತಾಳಿಕೋಟೆ ಯುದ್ಧದಲ್ಲಿ ವಿಜಯನಗರದ ಶಕ್ತಿ ಉಡುಗಿತು. ಕರಾವಳಿಯನ್ನು ಕಾಯುವವರಿಲ್ಲದ ಆ ಹೊತ್ತು ನೋಡಿ, 1568-69ರಲ್ಲಿ ಅವರು ಮೂರೂ ಬಂದರುಗಳಲ್ಲಿ ನೆಲೆಯೂರಿದರು. ಹತ್ತು ವರ್ಷ ಕಳೆಯುವಷ್ಟರಲ್ಲಿ ಅವರ ತರುಣ ದೊರೆ ಸೆಬಾಸ್ಟಿಯನ್ ಮೊರಾಕ್ಕೋದ ರಣರಂಗದಲ್ಲಿ ಮಡಿದ. ಅವನಿಗೆ ಮಕ್ಕಳಿರಲಿಲ್ಲ. ನೆಂಟಸ್ತನದ ಹಕ್ಕನ್ನೂ ಸೈನ್ಯವನ್ನೂ ಮುಂದಿಟ್ಟುಕೊಂಡು ಸ್ಪೇನಿನ ಎರಡನೇ ಫಿಲಿಪ್ 1580ರಲ್ಲಿ ಲಿಸ್ಬನ್ನಿನ ಪಟ್ಟವನ್ನು ತನ್ನದಾಗಿಸಿಕೊಂಡ. ಪೋರ್ಚುಗೀಸ್ ಆಡಳಿತ ಪೋರ್ಚುಗೀಸರ ಕೈಯಲ್ಲೇ ಇರುತ್ತದೆಂದು ಮಾತನ್ನೂ ಕೊಟ್ಟ. ಹಾಗಾಗಿ ಗೋವೆಯ ವೈಸರಾಯಿ, ಬಸರೂರಿನ ಕೋಟೆಯ ಅಧಿಕಾರಿ ಎಲ್ಲರೂ ಮೊದಲಿನಂತೆ ಪೋರ್ಚುಗೀಸರೇ. ಕಟ್ಟುನಿಟ್ಟಾಗಿ ಹೇಳುವುದಾದರೆ ಇದು ಸ್ಪೇನಿನ ವಸಾಹತಲ್ಲ. ಆದರೆ ಹೊಸ ದೊರೆಯ ಹಗೆಗಳೆಲ್ಲ ಬಸರೂರಿಗೂ ಗಂಟುಬಿದ್ದವು.

ಪರದೇಶದ ದೊರೆಗೆ ಇಲ್ಲಿ ಬೇಕಾಗಿದ್ದುದೇನು? ಘಟ್ಟದ ಮೆಣಸು ಸರಿಯೇ. ಅದಕ್ಕಿಂತ ಹೆಚ್ಚಾಗಿ ಬೇಕಾಗಿದ್ದುದು ಅಕ್ಕಿ. ಗೋವೆಯಲ್ಲಿ ಬೆಳೆಯುತ್ತಿದ್ದ ಭತ್ತ ಅಲ್ಲಿನ ಜನಕ್ಕೆ ಸಾಲುತ್ತಿರಲಿಲ್ಲ. ಮಳೆಗಾಲ ಮುಗಿದು ಸಮುದ್ರ ತೆರೆದೊಡನೆ ಗೋವೆಯಿಂದ ಯುದ್ಧನೌಕೆಗಳ ಕಾವಲಿನಲ್ಲಿ ಸರಕಿನ ಹಡಗುಗಳ ಸಾಲು ಕನ್ನಡ ಕರಾವಳಿಗೆ ಬಂದು ಅಕ್ಕಿ ತುಂಬಿಸಿಕೊಂಡು ಹೋಗುತ್ತಿತ್ತು. ಹೋರ್ಮುಜ್, ಮಸ್ಕತ್ತುಗಳ ಮರಳುನಾಡಿಗೂ ಇಲ್ಲಿನ ಅಕ್ಕಿಯೇ ಆಧಾರ. ಪೋರ್ಚುಗೀಸ್ ಬರಹಗಾರ ಬಾರ್ಬೋಸ, 16ನೇ ಶತಮಾನದ ಆರಂಭದಲ್ಲೇ, ಬಸರೂರಿನ ಅಕ್ಕಿ ವ್ಯಾಪಾರವನ್ನು ದಾಖಲಿಸಿದ್ದಾನೆ.

ಇಲ್ಲೊಂದು ಸೂಕ್ಷ್ಮವಿದೆ. ಪೋರ್ಚುಗೀಸ್ ದಾಖಲೆಗಳಲ್ಲಿ ಎರಡು ಬಸರೂರುಗಳು ಬರುತ್ತವೆ: ಕೋಟೆಯಿದ್ದ ಕೆಳ ಬಸರೂರು, ಸೆಟ್ಟಿಗಳಿದ್ದ ಮೇಲ್ ಬಸರೂರು. ಮೇಲಿನ ಊರನ್ನು ನಡೆಸುತ್ತಿದ್ದವರು ಅಲ್ಲಿನ ವರ್ತಕರೇ. ರಹದಾರಿ ಕೊಡುವುದು, ಸುಂಕ ಕೀಳುವುದು ಕೆಳಗಿನವರ ಅಧಿಕಾರ. ಮುಡಿ ಕಟ್ಟಿದ ಅಕ್ಕಿ ಮೇಲಿನವರ ಉಗ್ರಾಣದಲ್ಲಿ. ಗದ್ದೆಗಳಂತೂ ಇನ್ನೂ ಒಳಗೆ. ತೋಪುಗಳು ಸಮುದ್ರದ ದಾರಿಯನ್ನು ಕಾಯಬಲ್ಲವೇ ಹೊರತು ಭತ್ತ ಬೆಳೆಯಲಾರವು.

ಆ ಒಳನಾಡು ನಿಧಾನವಾಗಿ ಒಂದೇ ಕೈಗೆ ಸೇರುತ್ತಿತ್ತು. ಇಕ್ಕೇರಿಯ ವೆಂಕಟಪ್ಪ ನಾಯಕ ಗೇರುಸೊಪ್ಪೆಯನ್ನು ಗೆದ್ದು, ತುಳುನಾಡಿನ ಅರಸರನ್ನು ಒಬ್ಬೊಬ್ಬರಾಗಿ ಬಗ್ಗಿಸಿದ. 1623ರಲ್ಲಿ ಪೋರ್ಚುಗೀಸ್ ರಾಯಭಾರಿಯೊಬ್ಬ ಘಟ್ಟ ಹತ್ತಿ ಅವನ ಆಸ್ಥಾನಕ್ಕೆ ಹೋದಾಗ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆಯೂ ಜೊತೆಗಿದ್ದ. ಬಂಗ ಅರಸನ ಪರವಾಗಿ ಮಾತಾಡಲು ಬಂದಿದ್ದ ಆ ರಾಯಭಾರಕ್ಕೆ ನಾಯಕ ಹೆಚ್ಚೇನೂ ಸೊಪ್ಪು ಹಾಕಲಿಲ್ಲ.

ಸೊಪ್ಪು ಹಾಕದಿರಲು ಕಾರಣ ಯುರೋಪಿನಲ್ಲಿತ್ತು. ಡಚ್ಚರು ಸ್ಪೇನಿನ ವಿರುದ್ಧ ದಂಗೆಯೆದ್ದಿದ್ದರು. ಅವರ ಹಡಗುಗಳಿಗೆ ಲಿಸ್ಬನ್ನಿನಲ್ಲಿ ಫಿಲಿಪ್ ಅಡ್ಡಿಯೊಡ್ಡಿದ. ಮೆಣಸಿನ ಸಂತೆಯೇ ಮುಚ್ಚಿದರೆ ಮೆಣಸಿನ ನಾಡಿಗೇ ಹೋಗೋಣವೆಂದು ಅವರು ಹೊರಟರು. 1602ರಲ್ಲಿ ಕಂಪನಿ ಕಟ್ಟಿದರು. 1622ರಲ್ಲಿ ಪರ್ಷಿಯನ್ನರೂ ಇಂಗ್ಲಿಷರೂ ಕೂಡಿ ಹೋರ್ಮುಜ್ ಕಿತ್ತುಕೊಂಡರು. 1636ರಿಂದ ಡಚ್ ನೌಕೆಗಳು ವರ್ಷವರ್ಷವೂ ಗೋವೆಯ ಬಾಗಿಲಲ್ಲಿ ಬಂದು ನಿಲ್ಲತೊಡಗಿದವು. 1640ರ ಡಿಸೆಂಬರಿನಲ್ಲಿ ಪೋರ್ಚುಗಲ್ ಸ್ಪೇನಿನಿಂದ ಬಿಡಿಸಿಕೊಂಡಿತಾದರೂ ಡಚ್ಚರ ಹಗೆ ತೀರಲಿಲ್ಲ. ಮರುವರ್ಷವೇ ಮಲಾಕ್ಕಾ ಹೋಯಿತು.

ಕನ್ನಡ ಕರಾವಳಿಯ ಮಟ್ಟಿಗೆ ದೊಡ್ಡ ಪೆಟ್ಟು 1650ರಲ್ಲಿ ಬಿತ್ತು. ಒಮಾನಿನ ಅರಬರು ಮಸ್ಕತ್ತನ್ನು ಗೆದ್ದರು. (ಒಮಾನಿನ ಹಣದ ಹೆಸರು ಇಂದಿಗೂ ರಿಯಾಲ್, ಅದರ ಮೂಲ ಸ್ಪೇನಿನ ‘ರೆಯಾಲ್’ ಎಂಬ ಬೆಳ್ಳಿ ನಾಣ್ಯ.) ಅಕ್ಕಿ ಕೊಳ್ಳುವ ಮುಖ್ಯ ಬಂದರೊಂದು ಪೋರ್ಚುಗೀಸರ ಕೈತಪ್ಪಿತು. ಬೆಳೆಯುವ ನಾಡು ಹೇಗೂ ಅವರದಲ್ಲ. ನಡುವೆ ಕೋಟೆ ಕಟ್ಟಿಕೊಂಡು ಕುಳಿತವನ ಅಗತ್ಯ ಇಬ್ಬರಿಗೂ ಉಳಿಯಲಿಲ್ಲ. ಕೆಳದಿಯ ಶಿವಪ್ಪ ನಾಯಕ ಇದನ್ನು ಅರಿತಂತಿದೆ. 1652ರಿಂದ 1654ರೊಳಗೆ ಗಂಗೊಳ್ಳಿ, ಬಸರೂರು, ಮಂಗಳೂರು, ಹೊನ್ನಾವರ ನಾಲ್ಕನ್ನೂ ಅವನು ವಶಪಡಿಸಿಕೊಂಡ.

ಗೆದ್ದದ್ದರಿಂದ ಬಸರೂರಿಗೆ ಒಳ್ಳೆಯ ಕಾಲ ಬಂತೇ? ಪೂರ್ತಿ ಹಾಗೆನ್ನಲಾಗದು. 1665ರಲ್ಲಿ ಶಿವಾಜಿಯ ನೌಕಾಪಡೆ ಹಠಾತ್ತನೆ ಬಂದಿಳಿದು ಊರನ್ನು ಸೂರೆಮಾಡಿತು. ಸೂರೆಮಾಡುವಷ್ಟು ಸಂಪತ್ತು ಇನ್ನೂ ಇತ್ತೆಂಬುದಕ್ಕೆ ಇದೇ ಸಾಕ್ಷಿ. ಆಮೇಲಿನ ಕಾಲದಲ್ಲಿ ವ್ಯಾಪಾರ ಮಂಗಳೂರಿನ ಕಡೆ ವಾಲಿತು. ಟಿಪ್ಪು ಮಸ್ಕತ್ತಿನಲ್ಲಿ ತನ್ನದೇ ಕೋಠಿ ತೆರೆದಾಗ ಅಕ್ಕಿಯ ಹಡಗುಗಳು ಮಂಗಳೂರಿನಿಂದ ಹೊರಡುತ್ತಿದ್ದವು. ಬಸರೂರು ಹೊಳೆಯಂಚಿನ, ದೇವಾಲಯಗಳ ಊರಾಗಿ ಉಳಿಯಿತು.

ಪೋರ್ಚುಗೀಸರೇನೋ ತಿರುಗಿ ಬಂದರು. ಗೋವೆಯ ಒಲೆ ಉರಿಯಬೇಕಿತ್ತಲ್ಲ! 1671 ಮತ್ತು 1678ರಲ್ಲಿ ಕೆಳದಿಯೊಡನೆ ಒಪ್ಪಂದ ಮಾಡಿಕೊಂಡು, ನಾಯಕರ ಅಪ್ಪಣೆಯ ಮೇರೆಗೆ ಕೋಠಿಗಳನ್ನು ತೆರೆದರು. ಈ ಸಲ ಅವರು ಬಂದದ್ದು ಅಕ್ಕಿ ಕೊಳ್ಳುವ ಗಿರಾಕಿಗಳಾಗಿ.