ವಾಲ್ಟರ್ ಮಾಂಡೇಲ್

ವಾಲ್ಟರ್ ಫ್ರೆಡೆರಿಕ್ ಮಾಂಡೇಲ್ (ಜನವರಿ 5, 1928 – ಏಪ್ರಿಲ್ 19, 2021) ಅಮೆರಿಕ ಸಂಯುಕ್ತ ಸಂಸ್ಥಾನದ ವಕೀಲರು ಹಾಗೂ ಡೆಮಾಕ್ರಟಿಕ್ ಪಕ್ಷದ ರಾಜಕಾರಣಿ. ಅವರು 1960ರಿಂದ 1964ರವರೆಗೆ ಮಿನ್ನೆಸೋಟ ರಾಜ್ಯದ ಅಟಾರ್ನಿ ಜನರಲ್ ಆಗಿದ್ದರು. ಮುಂದೆ ಸೆನೆಟ್ ಸದಸ್ಯರಾಗಿ, 1977ರಿಂದ 1981ರವರೆಗೆ ದೇಶದ 42ನೇ ಉಪಾಧ್ಯಕ್ಷರಾಗಿ ಸೇವೆ ಸಲ್ಲಿಸಿದರು.

ಆರಂಭಿಕ ಜೀವನ

ಮಾಂಡೇಲ್ ಮಿನ್ನೆಸೋಟದ ಸಿಲೋನ್ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ತಂದೆ ಮೆಥಡಿಸ್ಟ್ ಪಾದ್ರಿ. ತಾಯಿ ಸಂಗೀತ ಶಿಕ್ಷಕಿ. 1951ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದಿಂದ ಪದವಿ ಪಡೆದು, ಸೇನೆಯಲ್ಲಿ ಸೇವೆ ಸಲ್ಲಿಸಿದ ಬಳಿಕ 1956ರಲ್ಲಿ ಅಲ್ಲಿಯೇ ಕಾನೂನು ಪದವಿ ಪಡೆದರು.

ಅಟಾರ್ನಿ ಜನರಲ್ ಹುದ್ದೆ

ಅಮೆರಿಕದಲ್ಲಿ ರಾಜ್ಯದ ಅಟಾರ್ನಿ ಜನರಲ್ ಆ ರಾಜ್ಯದ ಮುಖ್ಯ ಕಾನೂನು ಅಧಿಕಾರಿ. ಭಾರತದಲ್ಲಿ ರಾಜ್ಯದ ಅಡ್ವೊಕೇಟ್ ಜನರಲ್ ಅವರನ್ನು ರಾಜ್ಯಪಾಲರು ನೇಮಿಸಿದರೆ, ಮಿನ್ನೆಸೋಟದಲ್ಲಿ ಈ ಹುದ್ದೆಗೆ ಮತದಾರರೇ ಆಯ್ಕೆ ಮಾಡುತ್ತಾರೆ. 1960ರ ಮೇ ತಿಂಗಳಲ್ಲಿ ಮೈಲ್ಸ್ ಲಾರ್ಡ್ ಅವರಿಂದ ತೆರವಾದ ಸ್ಥಾನಕ್ಕೆ ಗವರ್ನರ್ ಆರ್ವಿಲ್ ಫ್ರೀಮನ್ ಅವರು 32 ವರ್ಷದ ಮಾಂಡೇಲ್ ಅವರನ್ನು ನೇಮಿಸಿದರು. ಅದೇ ವರ್ಷ ಹಾಗೂ 1962ರಲ್ಲಿ ಅವರು ಚುನಾವಣೆಯಲ್ಲಿ ಗೆದ್ದರು. ಸಿಸ್ಟರ್ ಕೆನ್ನಿ ಪ್ರತಿಷ್ಠಾನದ ದೇಣಿಗೆ ಹಣದ ದುರುಪಯೋಗದ ತನಿಖೆ ಅವರಿಗೆ ಹೆಸರು ತಂದಿತು.

ಗಿಡಿಯನ್ ಪ್ರಕರಣ

ಫ್ಲೋರಿಡಾದ ಕ್ಲಾರೆನ್ಸ್ ಅರ್ಲ್ ಗಿಡಿಯನ್ ಎಂಬ ಬಡ ವ್ಯಕ್ತಿ, ಸರ್ಕಾರದ ವತಿಯಿಂದ ವಕೀಲರನ್ನು ಕೇಳಿದರೂ ದೊರೆಯದೆ, ತಾನೇ ವಾದಿಸಿ ಐದು ವರ್ಷಗಳ ಸೆರೆವಾಸಕ್ಕೆ ಗುರಿಯಾಗಿದ್ದನು. ಸೆರೆಮನೆಯಿಂದ ಪೆನ್ಸಿಲಿನಲ್ಲಿ ಬರೆದು ಕಳುಹಿಸಿದ ಅವನ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯ ವಿಚಾರಣೆಗೆ ಅಂಗೀಕರಿಸಿತು. ಆಗ ಫ್ಲೋರಿಡಾ ಸರ್ಕಾರವು ರಾಜ್ಯಗಳ ಹಕ್ಕಿನ ಹೆಸರಿನಲ್ಲಿ ತನ್ನನ್ನು ಬೆಂಬಲಿಸುವಂತೆ ಇತರ ರಾಜ್ಯಗಳ ಅಟಾರ್ನಿ ಜನರಲ್‌ಗಳಿಗೆ ಪತ್ರ ಬರೆಯಿತು. ಮಾಂಡೇಲ್ ಅದನ್ನು ನಿರಾಕರಿಸಿದ್ದಲ್ಲದೆ, ಮ್ಯಾಸಚೂಸೆಟ್ಸ್‌ನ ಎಡ್ವರ್ಡ್ ಮೆಕಾರ್ಮಕ್ ಅವರೊಡಗೂಡಿ ಗಿಡಿಯನ್ ಪರವಾಗಿ ರಾಜ್ಯಗಳನ್ನು ಒಗ್ಗೂಡಿಸಿದರು. ನ್ಯಾಯಾಲಯದ ತೀರ್ಪಿನ ಪ್ರಕಾರ 22 ರಾಜ್ಯಗಳು ಗಿಡಿಯನ್ ವಾದವನ್ನು ಬೆಂಬಲಿಸಿದವು. ಫ್ಲೋರಿಡಾದ ಪರ ನಿಂತವು ಎರಡೇ ರಾಜ್ಯಗಳು. ಗಂಭೀರ ಅಪರಾಧದ ಆರೋಪ ಹೊತ್ತ ಬಡವರಿಗೆ ವಕೀಲರನ್ನು ಒದಗಿಸುವುದು ರಾಜ್ಯದ ಕರ್ತವ್ಯವೆಂದು 1963ರ ಮಾರ್ಚ್ 18ರಂದು ನ್ಯಾಯಾಲಯ ಸರ್ವಾನುಮತದಿಂದ ತೀರ್ಪಿತ್ತಿತು. ಮರುವಿಚಾರಣೆಯಲ್ಲಿ ವಕೀಲರ ನೆರವು ಪಡೆದ ಗಿಡಿಯನ್ ನಿರ್ದೋಷಿಯೆಂದು ಬಿಡುಗಡೆ ಹೊಂದಿದನು.

1964ರ ಪಕ್ಷದ ಸಮಾವೇಶ

ಅಟ್ಲಾಂಟಿಕ್ ಸಿಟಿಯಲ್ಲಿ ನಡೆದ ಡೆಮಾಕ್ರಟಿಕ್ ಸಮಾವೇಶದಲ್ಲಿ, ಮಿಸಿಸಿಪ್ಪಿಯ ಬಿಳಿಯರಷ್ಟೇ ಇದ್ದ ನಿಯೋಗವನ್ನು ಕಪ್ಪುಜನರ ನೇತೃತ್ವದ ಫ್ರೀಡಂ ಡೆಮಾಕ್ರಟಿಕ್ ಪಕ್ಷ ಪ್ರಶ್ನಿಸಿತು. ಈ ವಿವಾದದ ಉಪಸಮಿತಿಗೆ ಮಾಂಡೇಲ್ ಅಧ್ಯಕ್ಷರಾಗಿದ್ದರು. ಎರಡು ಸ್ಥಾನಗಳನ್ನು ನೀಡುವ ಸಂಧಾನಸೂತ್ರವನ್ನು ಫ್ಯಾನಿ ಲೂ ಹ್ಯಾಮರ್ ಮೊದಲಾದವರು ತಿರಸ್ಕರಿಸಿದರು. ಆದರೆ ಮುಂದಿನ ಸಮಾವೇಶಗಳಲ್ಲಿ ವರ್ಣಭೇದ ಮಾಡುವ ನಿಯೋಗಗಳಿಗೆ ಅವಕಾಶವಿಲ್ಲವೆಂಬ ನಿಯಮ ಇದೇ ಸೂತ್ರದ ಭಾಗವಾಗಿತ್ತು.

ನಂತರದ ವೃತ್ತಿಜೀವನ

ಹ್ಯೂಬರ್ಟ್ ಹಂಫ್ರಿ ಉಪಾಧ್ಯಕ್ಷರಾಗಿ ಚುನಾಯಿತರಾದುದರಿಂದ ತೆರವಾದ ಸೆನೆಟ್ ಸ್ಥಾನಕ್ಕೆ 1964ರ ಡಿಸೆಂಬರ್‌ನಲ್ಲಿ ಮಾಂಡೇಲ್ ನೇಮಕಗೊಂಡರು. ವಸತಿಯಲ್ಲಿ ತಾರತಮ್ಯ ನಿಷೇಧಿಸುವ 1968ರ ಕಾಯ್ದೆಗಾಗಿ ಎಡ್ವರ್ಡ್ ಬ್ರೂಕ್ ಅವರೊಂದಿಗೆ ಶ್ರಮಿಸಿದರು. ಬ್ರೂಕ್ ಕೂಡ ಹಿಂದೆ ಮ್ಯಾಸಚೂಸೆಟ್ಸ್‌ನ ಅಟಾರ್ನಿ ಜನರಲ್ ಆಗಿದ್ದವರು. ಜಿಮ್ಮಿ ಕಾರ್ಟರ್ ಅವರ ಉಪಾಧ್ಯಕ್ಷರಾಗಿದ್ದ ಮಾಂಡೇಲ್, 1984ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿ ಜೆರಲ್ಡೀನ್ ಫೆರಾರೊ ಅವರನ್ನು ಉಪಾಧ್ಯಕ್ಷ ಅಭ್ಯರ್ಥಿಯನ್ನಾಗಿ ಆರಿಸಿದರು. ಪ್ರಮುಖ ಪಕ್ಷವೊಂದು ಮಹಿಳೆಗೆ ಈ ಅವಕಾಶ ನೀಡಿದ್ದು ಅದೇ ಮೊದಲು. ಅವರು ಮಿನ್ನೆಸೋಟ ಮತ್ತು ವಾಷಿಂಗ್ಟನ್ ಡಿ.ಸಿ.ಯಲ್ಲಿ ಮಾತ್ರ ಗೆದ್ದು ರೊನಾಲ್ಡ್ ರೇಗನ್ ಎದುರು ಸೋತರು. 1993ರಿಂದ 1996ರವರೆಗೆ ಜಪಾನಿನಲ್ಲಿ ಅಮೆರಿಕದ ರಾಯಭಾರಿಯಾಗಿದ್ದರು. 2021ರಲ್ಲಿ, 93ನೇ ವಯಸ್ಸಿನಲ್ಲಿ ಮಿನ್ನಿಯಾಪೊಲಿಸ್‌ನಲ್ಲಿ ನಿಧನರಾದರು.